ಹಳೆ ಫೈಲುಗಳನ್ನು ಏಜೆನ್ಸಿಗೆ ಕೊಟ್ಟು ಮೂರು ವರ್ಷ

ನಮ್ಮದು ಶಿರಸಿ ಹತ್ತಿರದ ಸಣ್ಣ ಸೇವಾ ಸಹಕಾರಿ ಸಂಘ. 2022ರಲ್ಲಿ ಸೊಸೈಟಿಗಳನ್ನು ಕಂಪ್ಯೂಟರಿಗೆ ತರುವ ಕೇಂದ್ರದ ಯೋಜನೆಗೆ ಒಪ್ಪಿಗೆ ಸಿಕ್ಕಿತಲ್ಲ, ಅದೇ ಹುರುಪಿನಲ್ಲಿ ನಾವೂ ಹಳೆ ದಾಖಲೆಗಳನ್ನು ಸ್ಕ್ಯಾನ್ ಮಾಡಿ, ಹೆಸರು ಹಾಕಿ ಜೋಡಿಸಿಡಲು ಹೊರಗಿನ ಏಜೆನ್ಸಿಗೆ ಒಪ್ಪಿಸಿದೆವು. ರೇಟು, ಪ್ಯಾಕೇಜು ಅವರ ಕರಪತ್ರದಲ್ಲೇ ಇರುತ್ತದೆ, ಬಿಡಿ.

ಮೊದಮೊದಲು ನಾನೇ ಊರೆಲ್ಲ ಹೊಗಳಿಕೊಂಡು ತಿರುಗಿದೆ. ಮಳೆಗಾಲದಲ್ಲಿ ನಮ್ಮ ಕಪಾಟು ತೆರೆದರೆ ಬೂಷ್ಟು ವಾಸನೆ. ಷೇರು ಲೆಡ್ಜರಿನ ಹಾಳೆಗಳು ದೋಸೆ ಥರ ಅಂಟಿಕೊಂಡಿದ್ದವು. ಏಜೆನ್ಸಿಯ ಹುಡುಗರು ಹೊಲಿಗೆ ಬಿಚ್ಚಿ, ಒಂದೊಂದೇ ಹಾಳೆ ಬಿಡಿಸಿ, ಸ್ಕ್ಯಾನ್ ಮಾಡಿ, ಮತ್ತೆ ಹೊಲಿದು, ನುಸಿಗುಳಿಗೆ ಹಾಕಿ ಇಟ್ಟರು. ಅಷ್ಟು ತಾಳ್ಮೆ ನಮಗ್ಯಾರಿಗೂ ಇರಲಿಲ್ಲ.

ಆಮೇಲೆ ಹುಡುಕಲು ಕುಳಿತೆವು ನೋಡಿ. ಹಿರಿಯರೊಬ್ಬರು ಸಾಲ ತೀರಿಸಿ, ಪಹಣಿಯ 11ನೇ ಕಾಲಂನಲ್ಲಿರುವ ಬೋಜಾ, ಅಂದರೆ ಜಮೀನಿನ ಮೇಲಿನ ಸಾಲದ ನಮೂದು, ತೆಗೆಸಬೇಕು ಎಂದು ಬಂದರು. 'ಗಣಪತಿ ಹೆಗಡೆ' ಎಂದು ಹೊಡೆದರೆ 17 ಫೈಲು! ಅದೂ ಹೆಸರು ಇಂಗ್ಲಿಷಿನಲ್ಲಿ. ಒಬ್ಬ ಹುಡುಗ 'ಹೆಗ್ಡೆ' ಎಂದು ಬರೆದಿದ್ದಾನೆ, ಇನ್ನೊಬ್ಬ 'ಹೆಗಡೆ' ಎಂದು. ನಮ್ಮ ಕಡೆ ಬರೀ ಹೆಸರು ಹೇಳಿದರೆ ಯಾರಿಗೆ ಗೊತ್ತಾಗುತ್ತದೆ? ಊರು, ಮನೆ, ಅಪ್ಪನ ಹೆಸರು ಬೇಕಲ್ವಾ. ಆ ಕಾಲಂಗಳೇ ಇರಲಿಲ್ಲ.

ನಮ್ಮ ಗುಮಾಸ್ತರು ಕನ್ನಡಕ ಹಣೆಗೇರಿಸಿ, "ಹೆಗಡೇರೇ, ನೀವು ಕೆಳಗಿನಮನೆಯವರಲ್ವಾ? ಎರಡನೇ ಕಪಾಟು, ನೀಲಿ ಬಟ್ಟೆ ಗಂಟು" ಎಂದರು. ಚಹಾ ಆರುವುದರೊಳಗೆ ಫೈಲು ಮೇಜಿನ ಮೇಲಿತ್ತು.

ಏಜೆನ್ಸಿಗೆ ಫೋನು ಮಾಡಿದರೆ ಪ್ರತಿ ಸಲ ಹೊಸ ಹುಡುಗ. ಬೋಜಾ ಅಂದರೇನು ಎಂಬಲ್ಲಿಂದ ಶುರು ಮಾಡಬೇಕು. ವರ್ಷದ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ. ಅಡಿಕೆ ರೇಟು ಬಿದ್ದಾಗ ಆಡಳಿತ ಮಂಡಳಿಯಲ್ಲಿ ಅದನ್ನು ಓದುವವನು ನಾನು.

ಹಾಗಂತ ಗುಮಾಸ್ತರೊಬ್ಬರೇ ಸಾಕು ಅನ್ನುವಂತೆಯೂ ಇಲ್ಲ. ಕಳೆದ ವರ್ಷ ಮಗಳ ಮದುವೆಗೆ ಅವರು 10 ದಿನ ರಜೆ ಹಾಕಿದಾಗಲೇ ಆಡಿಟರು ಬಂದರು. ಯಾವ ಗಂಟು ಎಲ್ಲಿದೆ ಎಂದು ನಮಗೆ ತಿಳಿಯಲಿಲ್ಲ. ಕೊನೆಗೆ ಮಾನ ಉಳಿಸಿದ್ದು ಏಜೆನ್ಸಿಯ ಸ್ಕ್ಯಾನೇ. ಸಭೆಯ ನಡಾವಳಿಗಳನ್ನು ತಾರೀಕಿನ ಪ್ರಕಾರ ಅಚ್ಚುಕಟ್ಟಾಗಿ ಇಟ್ಟಿದ್ದರು.

ಸ್ಕ್ಯಾನಿಂಗಿಗೆ ಐದರಲ್ಲಿ ನಾಲ್ಕು ಸ್ಟಾರ್, ಹುಡುಕಾಟಕ್ಕೆ ಒಂದು. ಈ ಸಲ ಗುತ್ತಿಗೆ ಸ್ಕ್ಯಾನಿಂಗಿಗೆ ಮಾತ್ರ. ಹೆಸರು ಹಾಕುವುದು ನಾವೇ, ಕನ್ನಡದಲ್ಲಿ. ದಿನಾ ನಾಲ್ಕರ ಚಹಾ ಮುಗಿಸಿ ಗುಮಾಸ್ತರು ಊರು-ಮನೆ ಹೇಳುತ್ತಾರೆ, ಹೊಸದಾಗಿ ಸೇರಿದ ಹುಡುಗಿ ಎಕ್ಸೆಲ್‌ನಲ್ಲಿ ಹೊಡೆಯುತ್ತಾಳೆ. ಒಂದೊಂದು ಮನೆಗೂ ಒಂದು ಕತೆ ಬರುತ್ತದೆ, ಹಾಗಾಗಿ ದಿನಕ್ಕೆ 20 ಫೈಲು ದಾಟುವುದಿಲ್ಲ. ಅವರ ನಿವೃತ್ತಿಗೆ ಇನ್ನು 14 ತಿಂಗಳು ಇದೆ.