ಗಗನಸಖಿಯರ ಮೂರು ಹಾಸ್ಯಚಿತ್ರಗಳು: ಒಂದು ಹೋಲಿಕೆ

ಗಗನಸಖಿಯರ ಕಥೆ ಹೇಳುವ ಮೂರು ಹಾಸ್ಯಚಿತ್ರಗಳನ್ನು ಈ ಮಳೆಗಾಲದಲ್ಲಿ ಶಿರಸಿಯ ನಮ್ಮ ಮನೆಯಲ್ಲಿ ಒಂದರ ಹಿಂದೊಂದರಂತೆ ನೋಡಿದೆವು: 2003ರ ಹಾಲಿವುಡ್ ಚಿತ್ರ ‘ವ್ಯೂ ಫ್ರಮ್ ದ ಟಾಪ್’, 2008ರ ಜಪಾನಿ ಚಿತ್ರ ‘ಹ್ಯಾಪಿ ಫ್ಲೈಟ್’ ಮತ್ತು 2024ರ ಹಿಂದಿ ಚಿತ್ರ ‘ಕ್ರೂ’. ಇದಕ್ಕೆ ಕಾರಣಳಾದವಳು ಕ್ಯಾಬಿನ್ ಕ್ರೂ ತರಬೇತಿ ಮುಗಿಸಿ ರಜೆಗೆ ಬಂದಿದ್ದ ತಂಗಿಯ ಮಗಳು. ವಿಮಾನ ಹತ್ತಬೇಕೆಂದರೆ ಹುಬ್ಬಳ್ಳಿಗೋ ಗೋವಾಕ್ಕೋ ಹೋಗಬೇಕಾದ ಜಿಲ್ಲೆ ನಮ್ಮದು. ಕಾರವಾರದ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ನೌಕಾಪಡೆಯ ಟುಪೊಲೆವ್ ಬಿಟ್ಟರೆ ವಿಮಾನವನ್ನು ಹತ್ತಿರದಿಂದ ಕಂಡವರು ಮನೆಯಲ್ಲಿ ಹೆಚ್ಚಿಲ್ಲ. ಸರಿತಪ್ಪು ಹೇಳಲು ಬಲ್ಲವಳೊಬ್ಬಳು ಪಕ್ಕದಲ್ಲಿದ್ದದ್ದು ಅನುಕೂಲವೇ ಆಯಿತು.

ಹೆಚ್ಚು ನಿರೀಕ್ಷೆಯಿದ್ದದ್ದು ಹಾಲಿವುಡ್ ಚಿತ್ರದ ಮೇಲೆ; ಹೆಚ್ಚು ನಿರಾಸೆಯಾದದ್ದೂ ಅದರಿಂದಲೇ. ಗ್ವಿನೆತ್ ಪಾಲ್ಟ್ರೊ, ಮಾರ್ಕ್ ರಫಲೊ, ಕ್ರಿಸ್ಟಿನಾ ಆಪಲ್‌ಗೇಟ್, ಮೈಕ್ ಮೈಯರ್ಸ್ ಅವರಂಥವರನ್ನೆಲ್ಲ ಕಲೆಹಾಕಿಯೂ ನಿರ್ದೇಶಕ ಬ್ರೂನೊ ಬರೆಟೊ ನಮ್ಮನ್ನು ನಗಿಸಲಾರದೆ ಹೋದರು. ನೆವಾಡಾದ ಸಣ್ಣ ಊರಿನ ಡೊನ್ನಾಗೆ ಪ್ಯಾರಿಸ್ ಮಾರ್ಗದ ಪ್ರಥಮ ದರ್ಜೆಯಲ್ಲಿ ಕೆಲಸ ಮಾಡುವ ಹಂಬಲ. ಆದರೆ ಪ್ರಿಯಕರ ಟೆಡ್ ಇರುವುದು ಕ್ಲೀವ್‌ಲ್ಯಾಂಡ್‌ನಲ್ಲಿ. ಪ್ರೇಮವೋ ಪ್ಯಾರಿಸೋ ಎಂಬ ಈ ತಿಕ್ಕಾಟಕ್ಕೆ ತೂಕ ಬರಬೇಕಾದರೆ ಟೆಡ್ ಒಬ್ಬ ಮನುಷ್ಯನಾಗಿ ಕಾಣಬೇಕಿತ್ತು. ಅವನು ಒಳ್ಳೆಯವನು, ಅಷ್ಟೇ. ಅವನಿಗೊಂದು ಹಟವಿಲ್ಲ, ಅವಳೊಂದಿಗೆ ನೆನಪಿನಲ್ಲುಳಿಯುವ ಒಂದು ಜಗಳವಿಲ್ಲ. ಹೀಗಾಗಿ ಅವಳು ಅವನನ್ನು ಬಿಟ್ಟಾಗ ನೋವೂ ಆಗದು, ಮರಳಿದಾಗ ಸಂತೋಷವೂ ಆಗದು. ಕಥೆಯಲ್ಲಿ ನಿಜವಾಗಿ ಹುರುಪಿದ್ದ ಘಟನೆಯೆಂದರೆ ಗೆಳತಿ ಕ್ರಿಸ್ಟೀನ್ ಪರೀಕ್ಷೆಯ ಉತ್ತರಪತ್ರಿಕೆಯನ್ನು ಅದಲುಬದಲು ಮಾಡಿ ಡೊನ್ನಾಳ ಪ್ಯಾರಿಸ್ ತಪ್ಪಿಸುವುದು. ಎರಡು ಹಾಸ್ಯಚಿತ್ರಗಳಿಗಾಗುವಷ್ಟು ಸರಕು ಅಲ್ಲಿದ್ದರೂ ಅದನ್ನು ಅವಸರದಲ್ಲಿ ಮುಗಿಸಿ, ಮೈಯರ್ಸ್ ಅವರ ಮೆಳ್ಳೆಗಣ್ಣಿನ ತಮಾಷೆಯನ್ನು ಮಾತ್ರ ಸಾಕಾಗುವವರೆಗೆ ಎಳೆದಿದ್ದಾರೆ. ಸೆಪ್ಟೆಂಬರ್ 11ರ ದಾಳಿಯ ಬಳಿಕ ಈ ಚಿತ್ರದ ಬಿಡುಗಡೆಯನ್ನು ಮುಂದೂಡಲಾಗಿತ್ತು. ಕಾದದ್ದರಿಂದ ಅದರ ರುಚಿಯೇನೂ ಹೆಚ್ಚಿದಂತಿಲ್ಲ. ಹಿರಿಯ ಗಗನಸಖಿಯಾಗಿ ಕ್ಯಾಂಡಿಸ್ ಬರ್ಗನ್ ಬಂದಾಗಲೆಲ್ಲ ಮಾತ್ರ ತೆರೆಗೆ ಸ್ವಲ್ಪ ಗಾಂಭೀರ್ಯ ಬರುತ್ತದೆ.

“ಮಾವ, ಇವ್ರು ಕೆಲಸ ಮಾಡೋದೇ ಕಾಣ್ತಿಲ್ಲೆ,” ಎಂದಳು ಹುಡುಗಿ. ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರನ್ನೂ ಹೊರಗಿಳಿಸಲು ಸಾಧ್ಯವೆಂದು ತೋರಿಸಿದ ಮೇಲಷ್ಟೇ ದೊಡ್ಡ ಪ್ರಯಾಣಿಕ ವಿಮಾನದ ಮಾದರಿಗೆ ಒಪ್ಪಿಗೆ ದೊರೆಯುತ್ತದೆಯೆಂದೂ, ಟ್ರಾಲಿ ತಳ್ಳುವುದಕ್ಕಿಂತ ಮೊದಲು ತಮಗೆ ಕಲಿಸುವುದು ಬಾಗಿಲು ತೆರೆಯುವುದನ್ನು ಮತ್ತು ಬೆಂಕಿ ಆರಿಸುವುದನ್ನು ಎಂದೂ ಅವಳು ವಿವರಿಸಿದಳು. ಡೊನ್ನಾಳ ಲೋಕದಲ್ಲಿ ಸಮವಸ್ತ್ರಕ್ಕಿರುವ ಮಹತ್ವ ಈ ಕೆಲಸಕ್ಕಿಲ್ಲ.

ಶಿನೊಬು ಯಾಗುಚಿ ನಿರ್ದೇಶನದ ‘ಹ್ಯಾಪಿ ಫ್ಲೈಟ್’ ಗೆಲ್ಲುವುದು ಇದೇ ಕಾರಣಕ್ಕೆ. ಹೊನೊಲುಲುವಿಗೆ ಹೊರಟ ಒಂದೇ ವಿಮಾನದ ಸುತ್ತ ನಡೆಯುವ ಈ ಕಥೆಯಲ್ಲಿ ಗಗನಸಖಿ, ಸಹಪೈಲಟ್, ನೆಲದ ಸಿಬ್ಬಂದಿ, ಹಕ್ಕಿ ಓಡಿಸುವವ ಎಲ್ಲರಿಗೂ ಪಾಲಿದೆ. ಎತ್ಸುಕೊ ಎಂಬ ಹೊಸಬಳು ಮೊದಲ ಅಂತರರಾಷ್ಟ್ರೀಯ ಹಾರಾಟದಲ್ಲಿ ಕಟ್ಟುನಿಟ್ಟಿನ ಮೇಲ್ವಿಚಾರಕಿಯ ಎದುರು ತಡವರಿಸುವಾಗ ನಗು ತಾನಾಗಿಯೇ ಬರುತ್ತದೆ. ವೇಗ ಅಳೆಯುವ ಪಿಟೋ ನಳಿಕೆ ಕೆಟ್ಟು, ಚಂಡಮಾರುತದ ನಡುವೆ ಟೋಕಿಯೊದ ಹನೇಡಾ ನಿಲ್ದಾಣಕ್ಕೆ ಮರಳಬೇಕಾಗಿ ಬಂದಾಗ ಅದೇ ನಗು ಆತಂಕಕ್ಕೆ ತಿರುಗುತ್ತದೆ. ಪ್ರೇಮಕ್ಕೆ ಇಲ್ಲಿ ಜಾಗ ಕಡಿಮೆ, ಅದರ ಕೊರತೆಯೂ ಕಾಣಲಿಲ್ಲ.

ತಬು, ಕರೀನಾ ಕಪೂರ್, ಕೃತಿ ಸನೋನ್ ಇರುವ ‘ಕ್ರೂ’ ದ್ವಿತೀಯಾರ್ಧದಲ್ಲಿ ಚಿನ್ನದ ಕಳ್ಳಸಾಗಣೆಯ ಕಥೆಯಾಗಿ ಸಡಿಲಗೊಳ್ಳುತ್ತದೆ ಎಂಬುದು ನಿಜ. ಆದರೂ ಸಂಬಳ ಬಾರದ ವಿಮಾನಸಂಸ್ಥೆ, ಮನೆಯ ಸಾಲ, ಭವಿಷ್ಯನಿಧಿಯ ಚಿಂತೆ ಇವೆಲ್ಲ ನಮ್ಮ ನೆಲದ ಸಂಗತಿಗಳಾದ್ದರಿಂದ ಅಲ್ಲಿನ ನಗೆಗೆ ಆಧಾರವೊಂದಿದೆ.

ಈಗ ಯಾರಾದರೂ ಕೇಳಿದರೆ ಜಪಾನಿ ಚಿತ್ರವನ್ನೇ ಮೊದಲು ಹೇಳುತ್ತೇನೆ. ಆದರೆ ನಮಗೆ ಸಿಕ್ಕಿದ ಪ್ರತಿಯಲ್ಲಿ ಉಪಶೀರ್ಷಿಕೆ ಇಂಗ್ಲಿಷಿನಲ್ಲಿ ಮಾತ್ರ ಇದ್ದುದರಿಂದ ಅದನ್ನು ಓದಲಾರದ ಹಿರಿಯರಿಗೆ ಒಬ್ಬರು ಪಕ್ಕದಲ್ಲಿ ಕುಳಿತು ಹೇಳುತ್ತಿರಬೇಕಾಯಿತು. ಅಂಥವರಿರುವ ಮನೆಗೆ ‘ಕ್ರೂ’ ಸುಲಭ. ‘ವ್ಯೂ ಫ್ರಮ್ ದ ಟಾಪ್’ ಚಿತ್ರವನ್ನು ಬರ್ಗನ್ ಅವರಿಗಾಗಿ ನೋಡಬಹುದು, ಅದೂ ಬೇರೆ ಕೆಲಸವಿಲ್ಲದ ದಿನ.