ಬ್ರೈಟ್‌ಬರ್ನ್, ಕ್ರಾನಿಕಲ್, ದಿ ಇನ್ನೊಸೆಂಟ್ಸ್: ಮೂರನ್ನೂ ಒಂದೇ ವಾರದಲ್ಲಿ ನೋಡಿದ ಮೇಲೆ

ಬ್ರೈಟ್‌ಬರ್ನ್ ಅರ್ಧಕ್ಕೆ ಬಂದಿತ್ತು. ಅಕ್ಕ ನನ್ನ ಕೈಯಿಂದ ರಿಮೋಟ್ ಕಿತ್ತುಕೊಂಡು ಸಿನಿಮಾ ನಿಲ್ಲಿಸಿದಳು. "ಈ ತಾಯಿ ಜಾಗದಲ್ಲಿ ನಾನಿದ್ದರೂ ಇದನ್ನೇ ಮಾಡ್ತಿದ್ದೆ ಕಣೋ. ನನ್ನ ಮಗ ಅಂಥವನಲ್ಲ ಅಂತಲೇ ವಾದ ಮಾಡ್ತಿದ್ದೆ" ಅಂದಳು. ಅವಳ ಮಗನಿಗೆ ಈ ವರ್ಷ ಹನ್ನೆರಡು ತುಂಬಿದೆ. ಸಿನಿಮಾದ ಹುಡುಗ ಬ್ರ್ಯಾಂಡನ್‌ಗೂ ಹನ್ನೆರಡೇ.

ದಸರಾ ರಜೆಗೆ ಮಗನನ್ನು ಅಜ್ಜಿ ಮನೆಯಲ್ಲಿ ಬಿಟ್ಟು ಅಕ್ಕ ನಮ್ಮ ಮನೆಗೆ ಬಂದಿದ್ದಳು. ನಮ್ಮಿಬ್ಬರಿಗೂ ಚಿಕ್ಕಂದಿನಿಂದ ಹಾರರ್ ಸಿನಿಮಾ ಅಂದ್ರೆ ಪ್ರಾಣ. ರಾತ್ರಿ ಊಟ ಮುಗಿಸಿ, ಲೈಟ್ ಆರಿಸಿ, ದಿನಕ್ಕೊಂದರಂತೆ ನೋಡುತ್ತಾ ಹೋದೆವು. ಮೂರರಲ್ಲೂ ವಿಷಯ ಒಂದೇ. ಎಳೆಯ ಕೈಗೆ ಮನುಷ್ಯರನ್ನು ಮೀರಿದ ಶಕ್ತಿ ಸಿಗುತ್ತದೆ, ಆ ಕೈ ಒಳ್ಳೇದು ಮಾಡೋದಿಲ್ಲ. ಯಾವುದು ನಿಜವಾಗಿ ಹೆದರಿಸುತ್ತೆ, ಯಾವುದು ಮಾರನೇ ದಿನವೂ ತಲೆಯಲ್ಲಿ ಕೂತಿರುತ್ತೆ ಅಂತ ನೋಡಬೇಕಿತ್ತು. ಕಥೆಯ ಗುಟ್ಟು ಅಲ್ಲಲ್ಲಿ ಬಿಟ್ಟುಕೊಡಲೇಬೇಕು. ನೋಡದೇ ಇರುವವರು ಸ್ವಲ್ಪ ಎಚ್ಚರ.

ಮೊದಲು ಬ್ರೈಟ್‌ಬರ್ನ್. 2019ರದು. ನಿರ್ದೇಶಕ ಡೇವಿಡ್ ಯಾರೊವೆಸ್ಕಿ. ಬರೆದವರು ಬ್ರಯಾನ್ ಗನ್ ಮತ್ತು ಮಾರ್ಕ್ ಗನ್, ನಿರ್ಮಾಪಕರಲ್ಲಿ ಜೇಮ್ಸ್ ಗನ್ ಒಬ್ಬರು. ಕಥೆಯ ಬೀಜ ಎಲ್ಲರಿಗೂ ಗೊತ್ತಿರೋದೇ. ಕಾನ್ಸಾಸ್‌ನಲ್ಲಿ ಮಕ್ಕಳಿಲ್ಲದ ರೈತ ದಂಪತಿ, ಆಕಾಶದಿಂದ ಬೀಳುವ ನೌಕೆ, ಅದರೊಳಗೊಂದು ಕೂಸು. ಸೂಪರ್‌ಮ್ಯಾನ್ ಕಥೆಯೇ ಅಲ್ವಾ? 1938ರಲ್ಲಿ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಹುಟ್ಟುಹಾಕಿದ ಆ ನಾಯಕ ಲೋಕ ಕಾಯುತ್ತಾನೆ. ಈ ಮಗು ಲೋಕವನ್ನೇ ಕಿತ್ತುಕೊಳ್ಳಲು ಬಂದಿದ್ದರೆ? ಇಷ್ಟೇ ಪ್ರಶ್ನೆ. ಇಂಥ ಒಳ್ಳೆ ಪ್ರಶ್ನೆ ಹಾರರ್ ಸಿನಿಮಾಕ್ಕೆ ಸಿಗೋದು ಅಪರೂಪ.

ನಮಗಂತೂ ಇದು ಇನ್ನೂ ಹತ್ತಿರದ ಕಥೆ. ಹೆತ್ತವಳಲ್ಲದ ತಾಯಿ, ಲೋಕವನ್ನೇ ಮೀರಿದ ಮಗು ಅಂದ ತಕ್ಷಣ ನಮಗೆ ಯಶೋದೆ ನೆನಪಾಗುತ್ತಾಳೆ. ಮಣ್ಣು ತಿಂದ ಬಾಯಿ ತೆರೆಸಿ ನೋಡಿದರೆ ಒಳಗೆ ಬ್ರಹ್ಮಾಂಡ. ಆಮೇಲೂ ಅವಳು ಮಗನಿಗೆ ಬೆಣ್ಣೆ ಕೊಡುತ್ತಾಳೆ, ಕಿವಿ ಹಿಂಡುತ್ತಾಳೆ, ಒರಳಿಗೆ ಕಟ್ಟುತ್ತಾಳೆ. ಎಲಿಜಬೆತ್ ಬ್ಯಾಂಕ್ಸ್ ಮಾಡಿರುವ ತಾಯಿ ಟೋರಿ ಕೂಡ ಅಂಥವಳೇ. ಗಂಡನಿಗೆ ಮೊದಲು ಅನುಮಾನ ಬರುತ್ತದೆ. ಇವಳು ಒಪ್ಪೋದೇ ಇಲ್ಲ.

ಮೊದಲ ನಲವತ್ತು ನಿಮಿಷ ಈ ಸಿನಿಮಾ ಚೆನ್ನಾಗಿದೆ. ಹುಲ್ಲು ಕತ್ತರಿಸೋ ಮಷಿನ್ ಸ್ಟಾರ್ಟ್ ಆಗಲ್ಲ ಅಂತ ಹುಡುಗ ಸಿಟ್ಟಿನಲ್ಲಿ ಹಗ್ಗ ಜಗ್ಗುತ್ತಾನೆ. ಮಷಿನ್ ಆಟಿಕೆಯ ಹಾಗೆ ಹೊಲದಾಚೆ ಹಾರಿಹೋಗುತ್ತದೆ. ಹತ್ತಿರ ಹೋಗುತ್ತಾನೆ. ಬ್ಲೇಡ್ ಇನ್ನೂ ತಿರುಗುತ್ತಿದೆ. ಅವನು ಅದನ್ನೇ ನೋಡುತ್ತಾನೆ, ನಿಧಾನಕ್ಕೆ ಕೈ ಒಳಗೆ ಹಾಕುತ್ತಾನೆ. ಕೈಗೆ ಏನೂ ಆಗಲ್ಲ, ಬ್ಲೇಡೇ ಸೊಟ್ಟಗಾಗುತ್ತದೆ. ಆ ಹೊತ್ತಿಗೆ ಅವನ ಮುಖದಲ್ಲಿ ಭಯ, ಕುತೂಹಲ ಎರಡೂ ಇವೆ. ಜ್ಯಾಕ್ಸನ್ ಡನ್ ಅನ್ನೋ ಆ ಬಾಲನಟ ಅದನ್ನು ಬಹಳ ಹದವಾಗಿ ಮಾಡಿದ್ದಾನೆ.

ತರಗತಿಯಲ್ಲಿ ಇನ್ನೊಂದು ಮಾತು ಬರುತ್ತದೆ. ಜೇನಿಗೂ ಕಡಜಕ್ಕೂ ಇರುವ ವ್ಯತ್ಯಾಸದ ಪಾಠ. ಒಂದು ಜಾತಿಯ ಕಡಜಕ್ಕೆ ಸ್ವಂತ ಗೂಡು ಕಟ್ಟಲು ಬರೋದಿಲ್ಲ, ಬೇರೆ ಕಡಜಗಳ ಮೇಲೆ ಜೋರು ಮಾಡಿ ತನ್ನ ಮರಿಗಳನ್ನು ಸಾಕಿಸಿಕೊಳ್ಳುತ್ತದೆ ಅಂತ ಬ್ರ್ಯಾಂಡನ್ ಹೇಳುತ್ತಾನೆ. ಕಾಗೆ ಗೂಡಲ್ಲಿ ಕೋಗಿಲೆ ಮರಿ ಬೆಳೆಯೋದನ್ನು ಕೇಳಿ ಬೆಳೆದ ನಮಗೆ ಅದು ಥಟ್ಟನೆ ನಾಟುತ್ತದೆ. ಇಡೀ ಸಿನಿಮಾದ ತಿರುಳು ಆ ಪಾಠದಲ್ಲೇ ಇದೆ.

ಆಮೇಲೆ ನನಗೆ ಬೇಜಾರಾಯಿತು. ಕೊಟ್ಟಿಗೆಯ ನೆಲದಡಿ ಬಚ್ಚಿಟ್ಟ ನೌಕೆ ರಾತ್ರಿ ಹೊತ್ತು ಅವನನ್ನು ಕರೆಯುತ್ತದೆ. ಕೆಂಪು ಬೆಳಕು, ಅರ್ಥವಾಗದ ಮಾತು. ಕೆಲವೇ ದೃಶ್ಯಗಳಲ್ಲಿ ಹುಡುಗ ಬದಲಾಗಿಬಿಡುತ್ತಾನೆ. ಸ್ವಿಚ್ ಒತ್ತಿದ ಹಾಗೆ. ಹತ್ತು ಹನ್ನೆರಡು ವರ್ಷ ತಾಯಿ ಕೊಟ್ಟ ಪ್ರೀತಿಗೂ ನೌಕೆಯ ಕರೆಗೂ ಅವನೊಳಗೆ ಜಗಳ ಆಗಬೇಕಿತ್ತು. ಆ ಜಗಳವೇ ಸಿನಿಮಾ ಆಗಬೇಕಿತ್ತು. ಅದನ್ನು ಬಿಟ್ಟು ಒಬ್ಬೊಬ್ಬರನ್ನೇ ಹೇಗೆ ಸಾಯಿಸ್ತಾನೆ ಅನ್ನೋ ಕಡೆಗೆ ಕಥೆ ವಾಲುತ್ತದೆ.

ಆ ಸಾವುಗಳನ್ನು ತೆಗೆದಿರುವ ರೀತಿ ಮಾತ್ರ ಭಯಂಕರ. ರಾತ್ರಿ ಹೋಟೆಲ್ ಮುಚ್ಚುವ ಹೊತ್ತು. ಕೆಲಸದ ಹೆಂಗಸು ಮಿಣುಕುತ್ತಿರುವ ಟ್ಯೂಬ್‌ಲೈಟ್ ಕಡೆ ತಲೆ ಎತ್ತುತ್ತಾಳೆ. ಅದು ಒಡೆಯುತ್ತದೆ, ಒಂದು ಚೂರು ನೇರ ಕಣ್ಣಿಗೆ. ಅಲ್ಲಿಂದ ಮುಂದೆ ನಾವು ಅವಳ ಕಣ್ಣಿಂದಲೇ ನೋಡಬೇಕು, ಅರ್ಧ ಪರದೆ ಕೆಂಪಾಗಿ, ಮಂಜು ಮಂಜಾಗಿ. ಆ ಚೂರನ್ನು ಅವಳು ತಾನೇ ಎಳೆದು ತೆಗೆಯುತ್ತಾಳೆ. ನಾನು ನನಗೇ ಗೊತ್ತಿಲ್ಲದೆ ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡಿದ್ದೆ. ಇದಾದ ಮೇಲೆ ಟ್ರಕ್ಕಿನಲ್ಲಿ ಚಿಕ್ಕಪ್ಪನ ಕೆಳದವಡೆಯ ದೃಶ್ಯ ಬರುತ್ತದೆ. ಅದನ್ನು ವಿವರಿಸಲಾರೆ. ಅಮೆರಿಕದಲ್ಲಿ ಇದಕ್ಕೆ ಆರ್ ಸರ್ಟಿಫಿಕೇಟ್, ಅಂದರೆ ಹದಿನೇಳು ತುಂಬದವರು ದೊಡ್ಡವರ ಜೊತೆಯಲ್ಲೇ ನೋಡಬೇಕು. ಸೂಪರ್‌ಹೀರೋ ಮುಸುಕು ಇದೆ ಅಂತ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಬೇಡಿ.

ಅಕ್ಕ ಸಿನಿಮಾ ನಿಲ್ಲಿಸಿದ್ದು ಈ ರಕ್ತ ನೋಡಲಾಗದೆ ಅಂತ ನಾನಂದುಕೊಂಡಿದ್ದೆ. ಅವಳನ್ನು ಕಾಡಿದ್ದು ಬೇರೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದೆವು. ಅಪ್ಪ ಮಗನನ್ನು ಬೇಟೆಗೆ ಅಂತ ಕಾಡಿಗೆ ಕರೆದುಕೊಂಡು ಹೋಗಿ, ಹಿಂದಿನಿಂದ ಬಂದೂಕು ಎತ್ತುವ ದೃಶ್ಯ ಬಂತು. ಡೇವಿಡ್ ಡೆನ್‌ಮನ್ ಅಳುತ್ತಲೇ ಗುರಿ ಇಡುತ್ತಾನೆ. ಅಕ್ಕ ಮಾತೇ ಆಡಲಿಲ್ಲ. ಹಾವಿಗೆ ಹಾಲೆರೆದ ಹಾಗೆ ಅಂತ ನಾವು ಸಲೀಸಾಗಿ ಹೇಳಿಬಿಡ್ತೀವಿ. ಹಾಲೆರೆದ ಕೈಗೇ ಆ ಹಾವನ್ನು ಕೊಲ್ಲುವ ಕೆಲಸ ಬಂದರೆ ಹೇಗಿರುತ್ತೆ ಅನ್ನೋದು ಆ ಒಂದು ದೃಶ್ಯದಲ್ಲಿದೆ. ನನ್ನ ಲೆಕ್ಕದಲ್ಲಿ ಅದೇ ಈ ಸಿನಿಮಾದ ಅತ್ಯುತ್ತಮ ಕ್ಷಣ.

ಮಾರನೇ ರಾತ್ರಿ ಕ್ರಾನಿಕಲ್. 2012ರದು, ಜಾಶ್ ಟ್ರ್ಯಾಂಕ್ ನಿರ್ದೇಶನ. ಇಲ್ಲಿ ಇರೋದು ಪುಟ್ಟ ಮಗುವಲ್ಲ, ಸಿಯಾಟಲ್‌ನ ಹೈಸ್ಕೂಲ್ ಹುಡುಗರು. ಮೂವರು ನೆಲದ ಬಿಲದೊಳಗೆ ಇಳಿದು ಏನೋ ಒಂದನ್ನು ಮುಟ್ಟುತ್ತಾರೆ, ಮುಟ್ಟದೆಯೇ ವಸ್ತುಗಳನ್ನು ಕದಲಿಸುವ ಶಕ್ತಿ ಬರುತ್ತದೆ. ಮೊದಮೊದಲು ಬರೀ ತಮಾಷೆ. ಮೋಡಗಳ ನಡುವೆ ಹಾರುತ್ತಾ ಚೆಂಡು ಆಡುತ್ತಾರೆ. ನೋಡುತ್ತಾ ನಾನೂ ಖುಷಿಪಟ್ಟೆ.

ಮೂವರಲ್ಲಿ ಆಂಡ್ರೂಗೆ ಮನೆಯಲ್ಲಿ ನೆಮ್ಮದಿಯಿಲ್ಲ. ಅಮ್ಮ ಹಾಸಿಗೆ ಹಿಡಿದಿದ್ದಾಳೆ, ಅಪ್ಪ ಕುಡಿದು ಹೊಡೆಯುತ್ತಾನೆ, ಶಾಲೆಯಲ್ಲಿ ಎಲ್ಲರೂ ಕಾಡುತ್ತಾರೆ. ಅವನು ಹೇಗೆ ಕೆಡುತ್ತಾನೆ ಅನ್ನೋದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುತ್ತಾರೆ. ಒಂದು ಜೇಡವನ್ನು ಗಾಳಿಯಲ್ಲಿ ತೇಲಿಸಿ, ಕೈ ತಾಗಿಸದೆ ಕಾಲುಗಳನ್ನು ಕೀಳುತ್ತಾನೆ. ಅಷ್ಟು ಹೊತ್ತಿಗೆ ಅವನ ಬಗ್ಗೆ ಅಯ್ಯೋ ಪಾಪ ಅನ್ನುತ್ತಿದ್ದ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಬ್ರೈಟ್‌ಬರ್ನ್‌ನಲ್ಲಿ ಇಲ್ಲದ್ದು ಇದೇ. ಅಲ್ಲಿ ಸ್ವಿಚ್, ಇಲ್ಲಿ ಮೆಟ್ಟಿಲು.

ಕ್ಯಾಮೆರಾ ಬಗ್ಗೆ ಒಂದು ಮಾತು ಹೇಳಲೇಬೇಕು. ಸಿನಿಮಾದ ಬಹುಪಾಲು ಆಂಡ್ರೂ ತಾನೇ ಚಿತ್ರೀಕರಿಸಿದ ವಿಡಿಯೋದ ಹಾಗಿದೆ. ಇಂಥ ಸಿನಿಮಾಗಳಲ್ಲಿ ಕ್ಯಾಮೆರಾ ಅಲ್ಲಾಡಿ ತಲೆ ತಿರುಗುತ್ತದೆ. ಇಲ್ಲಿ ಹಾಗಿಲ್ಲ. ಶಕ್ತಿ ಹೆಚ್ಚಿದಂತೆ ಅವನು ಕ್ಯಾಮೆರಾವನ್ನು ಕೈಯಿಂದ ಬಿಡುತ್ತಾನೆ, ಅದು ಗಾಳಿಯಲ್ಲಿ ತಾನಾಗಿ ತೇಲುತ್ತದೆ. ಚಿತ್ರಗಳು ಸ್ಥಿರವಾಗುತ್ತವೆ, ಸುಂದರವಾಗುತ್ತವೆ, ಅದೇ ಹೊತ್ತಿಗೆ ಹುಡುಗ ಕೈತಪ್ಪಿ ಹೋಗುತ್ತಿರುತ್ತಾನೆ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ!

ಹೆದರಿಕೆಯ ಲೆಕ್ಕದಲ್ಲಿ ಮಾತ್ರ ಕ್ರಾನಿಕಲ್ ಹಿಂದೆ ಬೀಳುತ್ತದೆ. ಕೊನೆಯ ಭಾಗ ಸ್ಪೇಸ್ ನೀಡಲ್ ಗೋಪುರದ ಸುತ್ತ ದೊಡ್ಡ ಬಡಿದಾಟ. ಜೋರಾಗಿದೆ, ಆದರೆ ಅಲ್ಲಿ ಹಾರರ್ ಮುಗಿದು ಆಕ್ಷನ್ ಶುರುವಾಗಿರುತ್ತದೆ. ಮಲಗುವಾಗ ನನಗೆ ದುಃಖವಿತ್ತು, ಭಯ ಇರಲಿಲ್ಲ.

ಮೂರನೇ ರಾತ್ರಿ ದಿ ಇನ್ನೊಸೆಂಟ್ಸ್. ನಾರ್ವೆಯ ಎಸ್ಕಿಲ್ ವೊಗ್ಟ್ ಬರೆದು ನಿರ್ದೇಶಿಸಿದ ಈ ಸಿನಿಮಾ 2021ರ ಕಾನ್ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತು. ಬೇಸಿಗೆ ರಜೆ. ಒಂದು ಅಪಾರ್ಟ್‌ಮೆಂಟ್ ಸಮುಚ್ಚಯ. ಅರ್ಧಕ್ಕರ್ಧ ಜನ ಊರಿಗೆ ಹೋಗಿದ್ದಾರೆ, ಉಳಿದ ನಾಲ್ಕು ಮಕ್ಕಳು ಕೆಳಗೆ ಆಡುತ್ತಾರೆ. ಇಡಾ, ಮಾತಾಡದ ಅವಳ ಅಕ್ಕ ಆ್ಯನಾ, ಬೆನ್, ಆಯಿಶಾ. ಮುಸುಕಿಲ್ಲ, ನೌಕೆಯಿಲ್ಲ, ಕತ್ತಲೆಯೂ ಕಮ್ಮಿ. ನಡೆಯೋದೆಲ್ಲ ಹೆಚ್ಚಾಗಿ ಬಟ್ಟಬಯಲಲ್ಲಿ, ಬಿಸಿಲಲ್ಲಿ.

ಶುರುವಿನಲ್ಲೇ ಇಡಾ ತನ್ನ ಅಕ್ಕನನ್ನು ಚಿವುಟುತ್ತಾಳೆ. ಜೋರಾಗಿ ಚಿವುಟಿ, ಅಕ್ಕನ ಮುಖ ನೋಡುತ್ತಾಳೆ. ಆ್ಯನಾ ಆಟಿಸಂ ಇರುವ ಹುಡುಗಿ, ನೋವಾಯಿತು ಅಂತ ಹೇಳಲಾರಳು. ನನ್ನ ಅಕ್ಕ ಪ್ರೈಮರಿ ಶಾಲೆಯಲ್ಲಿ ಟೀಚರ್. "ಇದು ನಿಜ ಕಣೋ. ಕ್ಲಾಸಲ್ಲಿ ಪಕ್ಕದವನ ಕೈ ಚಿವುಟಿ ಸುಮ್ನೆ ಅವನ ಮುಖ ನೋಡೋ ಮಕ್ಕಳಿರ್ತಾರೆ. ಕೆಟ್ಟವರಲ್ಲ. ಏನಾಗುತ್ತೆ ಅಂತ ನೋಡ್ತಿರ್ತಾರೆ" ಅಂದಳು. ಈ ಸಿನಿಮಾ ಹಿಡಿದಿರೋದು ಅದನ್ನೇ. ಒಳ್ಳೇದು ಕೆಟ್ಟದ್ದು ಗೊತ್ತಾಗುವ ಮೊದಲೇ ಶಕ್ತಿ ಸಿಕ್ಕರೆ?

ಬೆನ್‌ನ ಶಕ್ತಿ ಮೊದಲು ಕಾಣಿಸೋದು ಒಂದು ಬಾಟಲಿ ಮುಚ್ಚಳದಲ್ಲಿ. ಮುಚ್ಚಳ ನೆಟ್ಟಗೆ ಬೀಳೋದು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಬ್ರೈಟ್‌ಬರ್ನ್‌ನಲ್ಲಿ ಮಷಿನ್ ಹೊಲ ದಾಟಿ ಹಾರಿದಾಗ ಆಗದ ಮೈ ಜುಮ್ಮೆನ್ನುವಿಕೆ ಈ ಮುಚ್ಚಳ ಸರಿದಾಗ ಆಯಿತು. ಯಾಕೆಂದರೆ ಅದು ನಮ್ಮ ಬಾಲ್ಕನಿ ಕೆಳಗೆ ಆಡುವ ಮಕ್ಕಳ ನಡುವೆಯೂ ಆಗಬಹುದು ಅನ್ನೋ ಹಾಗಿದೆ. ಅಲ್ಲಿ ಯಾವ ದೊಡ್ಡವರಿಗೂ ಏನೂ ಗೊತ್ತಾಗಲ್ಲ. ಅಡುಗೆ, ಫೋನು, ದಣಿವು ಅಂತ ಅವರ ಪಾಡಿಗೆ ಅವರಿರುತ್ತಾರೆ. ಕೊನೆಯ ಮುಖಾಮುಖಿಯೂ ಜನ ಓಡಾಡುವ ಆಟದ ಜಾಗದಲ್ಲೇ ನಡೆಯುತ್ತದೆ. ಯಾರೂ ಕೂಗೋದಿಲ್ಲ, ಏನೂ ಸಿಡಿಯೋದಿಲ್ಲ. ಆ ಮಕ್ಕಳ ಮುಖ ನೋಡುತ್ತಾ ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತಿದ್ದೆವು.

ನಿಧಾನದ ಸಿನಿಮಾ ಅನ್ನೋದು ನಿಜ. ಎರಡು ಗಂಟೆಗೆ ಮೂರೇ ನಿಮಿಷ ಕಮ್ಮಿ. ಬ್ರೈಟ್‌ಬರ್ನ್ ಒಂದೂವರೆ ಗಂಟೆಯದು, ಕ್ರಾನಿಕಲ್ ಅದಕ್ಕಿಂತಲೂ ಸ್ವಲ್ಪ ಚಿಕ್ಕದು. ನಾರ್ವೇಜಿಯನ್ ಭಾಷೆಯಾದ್ದರಿಂದ ಸಬ್‌ಟೈಟಲ್ ಓದಬೇಕು. ಆದರೆ ಮಾತೇ ಕಮ್ಮಿ, ಹಾಗಾಗಿ ಅದೇನೂ ಕಷ್ಟವಾಗಲಿಲ್ಲ.

ಹೋಲಿಕೆಗೆ ದಿ ಓಮನ್ ಯಾಕಿಲ್ಲ ಅಂತ ಕೇಳಬಹುದು. 1976ರ ಆ ಸಿನಿಮಾದಲ್ಲಿ ಭಯ ಹುಟ್ಟಿಸೋದು ಮಗುವಿಗಿಂತ ಜಾಸ್ತಿ ಅದರ ಸುತ್ತ ಇರುವ ಸೈತಾನನ ಪಡೆ. ಅದಕ್ಕೇ ಬಿಟ್ಟೆ. ಆದರೂ ಒಂದು ವಿಷಯ ನನಗೆ ತುಂಬಾ ಹಿಡಿಸಿತು. ಅದನ್ನು ಮಾಡಿದ ರಿಚರ್ಡ್ ಡಾನರ್ ಅವರೇ ಎರಡು ವರ್ಷ ಬಿಟ್ಟು, 1978ರಲ್ಲಿ, ಸೂಪರ್‌ಮ್ಯಾನ್ ನಿರ್ದೇಶಿಸಿದರು. ಬ್ರೈಟ್‌ಬರ್ನ್ ನಿರ್ಮಿಸಿದ ಜೇಮ್ಸ್ ಗನ್ ಅವರೂ 2025ರಲ್ಲಿ ಸೂಪರ್‌ಮ್ಯಾನ್ ನಿರ್ದೇಶಿಸಿದರು. ಕೆಟ್ಟ ಮಗುವಿನ ಕಥೆಗೆ ಕೈಹಾಕಿದ ಇಬ್ಬರೂ ಆಮೇಲೆ ಒಳ್ಳೆ ಮಗುವಿನ ಮನೆಗೇ ಬಂದರು.

ಆಯ್ಕೆ ವಿಷಯಕ್ಕೆ ಬರೋಣ. ಒಂದೇ ಒಂದು ನೋಡ್ತೀನಿ ಅನ್ನುವವರಿಗೆ ನಾನು ಕೈಗಿಡೋದು ದಿ ಇನ್ನೊಸೆಂಟ್ಸ್. ಹದಿಹರೆಯದ ಮಕ್ಕಳ ಜೊತೆ ಕೂತು ನೋಡಿ, ಆಮೇಲೆ ಮಾತಾಡಬೇಕು ಅಂದರೆ ಕ್ರಾನಿಕಲ್. ಅಮೆರಿಕದಲ್ಲಿ ಅದಕ್ಕೆ ಪಿಜಿ-13, ಅಂದರೆ ಹದಿಮೂರರೊಳಗಿನ ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮ ಎಚ್ಚರ ವಹಿಸಬೇಕು. ಹೊಡೆತ ಬಡಿತ ಇದೆ, ಆದರೆ ಕಣ್ಣಿಗೆ ಗಾಜು ಚುಚ್ಚುವ ಮಟ್ಟದ್ದಲ್ಲ. ಸ್ನೇಹಿತರು ಸೇರಿದ ರಾತ್ರಿ, ಕಿರುಚಬೇಕು, ದಿಂಬು ಅಪ್ಪಿಕೊಳ್ಳಬೇಕು ಅಂದರೆ ಬ್ರೈಟ್‌ಬರ್ನ್. ಅಕ್ಕ ಈ ಸಾಲನ್ನು ಒಪ್ಪಲ್ಲ. ಅವಳಿಗೆ ಬ್ರೈಟ್‌ಬರ್ನೇ ಮೊದಲು. "ನೀನು ಹುಡುಗನನ್ನು ನೋಡಿದೆ, ನಾನು ಅವರಮ್ಮನನ್ನು ನೋಡಿದೆ" ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅರ್ಧ ಗಂಟೆಯಷ್ಟೇ ಬಿಡುವಿದ್ದರೆ ಇವು ಮೂರನ್ನೂ ಬದಿಗಿಟ್ಟು, ದಿ ಟ್ವೈಲೈಟ್ ಝೋನ್ ಸರಣಿಯ 1961ರ ಕಂತೊಂದನ್ನು ಹಾಕಿ. ಹೆಸರು ಇಟ್ಸ್ ಎ ಗುಡ್ ಲೈಫ್. ಆರು ವರ್ಷದ ಆಂಟನಿ ಮನಸ್ಸಿನಲ್ಲಿ ಅಂದುಕೊಂಡದ್ದು ನಡೆದುಹೋಗುತ್ತದೆ. ಇಡೀ ಊರು ಅವನ ಮುಂದೆ ಹಲ್ಲು ಕಿರಿಯುತ್ತಾ, ಏನು ಮಾಡಿದರೂ ಒಳ್ಳೇದು ಮಾಡಿದೆ ಮಗು ಅನ್ನುತ್ತಾ ಬದುಕುತ್ತದೆ. ಒಂದು ಹನಿ ರಕ್ತ ಇಲ್ಲ. ಆ ನಗುಮುಖಗಳನ್ನು ನೋಡುವಾಗ ಕೈಕಾಲು ತಣ್ಣಗಾಗುತ್ತವೆ.

ಇನ್ನೊಂದು ಮಾತು, ಮರೆಯುವ ಮೊದಲು. ದಿ ಇನ್ನೊಸೆಂಟ್ಸ್‌ನ ಮೊದಲ ಭಾಗದಲ್ಲಿ ಮಕ್ಕಳು ಒಂದು ಬೆಕ್ಕನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತಾರೆ. ಮನೆಯಲ್ಲಿ ಬೆಕ್ಕು ಸಾಕಿದವರು ಅಲ್ಲಿಂದ ಆ ದೃಶ್ಯ ಮುಗಿಯುವವರೆಗೆ ಓಡಿಸಿಬಿಡಿ. ನಾವು ಓಡಿಸಲಿಲ್ಲ. ಅಕ್ಕ ಎದ್ದು ಹೋಗಿ, ಅಡುಗೆಮನೆಯಲ್ಲಿ ಮಲಗಿದ್ದ ನಮ್ಮ ಬೆಕ್ಕನ್ನು ಎತ್ತಿಕೊಂಡು ಬಂದು, ಸಿನಿಮಾ ಮುಗಿಯುವ ತನಕ ಮಡಿಲಲ್ಲೇ ಇಟ್ಟುಕೊಂಡಿದ್ದಳು.