ಹತ್ತಾರು ಮಂದಿಯನ್ನು ಹಾಡಿಸಲು ಎಂಥ ಪೇಟಿ? ಸಾದಾ ಹಾರ್ಮೋನಿಯಂ, ಸ್ಕೇಲ್ ಚೇಂಜರ್: ಒಂದು ವಿಮರ್ಶೆ

ದಾವಣಗೆರೆಯ ವಿದ್ಯಾನಗರದ ಮನೆಯಂಗಳದ ಶಿವಭಜನೆ ಇರಲಿ, ಕುಂದವಾಡ ಕೆರೆ ದಂಡೆಯಲ್ಲಿ ವಾಕಿಂಗ್ ಮುಗಿಸಿದವರ ಭಾವಗೀತೆ ಇರಲಿ, ಹದಿನೈದಿಪ್ಪತ್ತು ಮಂದಿಯನ್ನು ಹಾಡಿಸಲು ಕೂರುವ ಹವ್ಯಾಸಿಯ ಕಣ್ಣು ಅಂಗಡಿಯಲ್ಲಿ ಮೊದಲು ಹೋಗುವುದು ಕೀ ಪಟ್ಟಿ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಪೇಟಿಯ ಮೇಲೆ. ಸೂಟ್‌ಕೇಸಿನಂತೆ ಮಡಚುತ್ತದೆ, ಪಾಲಿಶ್ ಮಿಂಚುತ್ತದೆ. ಈ ಕೆಲಸಕ್ಕೆ ನಮ್ಮ ಮತ ಮಾತ್ರ 42 ಕೀಗಳ, ಅಂದರೆ ಮೂರೂವರೆ ಸಪ್ತಕದ, ಬೇಸ್ ಮತ್ತು ಮೇಲ್ (male) ಎಂಬ ಎರಡು ಸಾಲು ರೀಡು (ಗಾಳಿಗೆ ನುಡಿಯುವ ಹಿತ್ತಾಳೆ ನಾಲಗೆ) ಇರುವ ಸಾದಾ ಕೈಪೇಟಿಗೆ.

ಎರಡು ಸಾಲು ಯಾಕೆಂದರೆ, ಬೇಸ್ ರೀಡು ಮೇಲ್ ರೀಡಿಗಿಂತ ಒಂದು ಸಪ್ತಕ ಕೆಳಗೆ ನುಡಿಯುತ್ತದೆ. ಹೆಂಗಸರು ಗಂಡಸರು ಕೂಡಿ ಹಾಡುವಾಗಲೂ ಇರುವುದು ಅದೇ ಅಂತರ. ಎರಡೂ ಒಟ್ಟಿಗೆ ನುಡಿದರೆ ಯಾರೂ ತಮ್ಮ ಸ್ವರ ಹುಡುಕಬೇಕಿಲ್ಲ. ಮೂರನೇ ಸಾಲು ಸೇರಿದರೆ ನಾದ ತುಂಬುತ್ತದೆ, ಗಾಳಿಯೂ ಅಷ್ಟೇ ಖರ್ಚಾಗುತ್ತದೆ. ಬಾಯಲ್ಲಿ ಹಾಡುತ್ತ ಎಡಗೈಯಲ್ಲಿ ತಿದಿ ಒತ್ತುವವರು ನಾಲ್ಕನೇ ಹಾಡಿಗೇ ಸುಸ್ತು. ಒಂದು ಕೀ ಒತ್ತಿದರೆ ಒಂದು ಸಪ್ತಕದಾಚೆಯ ಅದೇ ಸ್ವರವನ್ನೂ ನುಡಿಸುವ ಕಪ್ಲರ್ ಕಥೆಯೂ ಇದೇ.

ಪೇಟಿಯಲ್ಲಿ ಗಮಕ, ಮೀಂಡ್ (ಸ್ವರದ ಓಲಾಟ, ಜಾರಿಕೆ) ಬರುವುದಿಲ್ಲ ಎಂಬ ದೂರು ಹಳೆಯದು. ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿದ್ದು 1971ರವರೆಗೂ ಹಾಗೇ ನಡೆಯಿತು. ಗುಂಪು ಹಾಡಿಕೆಗೆ ಆ ಕೊರತೆಯೇ ಅನುಕೂಲ. ಸ್ವರ ಜಾರದೆ ಒಂದೇ ಕಡೆ ನಿಂತರೆ ತಾನೆ ಕಲಿಯದವರೂ ಹಿಡಿದುಕೊಳ್ಳುವುದು?

ಇನ್ನು ಶ್ರುತಿ. ಹಾಡಿಸುವವರು ಎಡವುವುದು ಹೆಚ್ಚಾಗಿ ಇಲ್ಲೇ: ತಮ್ಮ ಕಂಠಕ್ಕೆ ಒಗ್ಗುವ ಶ್ರುತಿ ಹಿಡಿಯುತ್ತಾರೆ, ಅನುಪಲ್ಲವಿಗೆ ಬರುವಷ್ಟರಲ್ಲಿ ಅರ್ಧ ಮಂದಿ ಬಾಯಿ ಮುಚ್ಚಿರುತ್ತಾರೆ. ಮೊದಲು ಹಾಡಿನ ಅತಿ ಎತ್ತರದ ಸ್ವರ ಯಾವುದೆಂದು ನೋಡಿ, ಅದನ್ನು ಬಿಳಿ 2ಕ್ಕೆ, ಅಂದರೆ Cಯಿಂದ ಎಣಿಸಿದರೆ ಎರಡನೇ ಬಿಳಿ ಕೀಗೆ (ಪಾಶ್ಚಾತ್ಯ D) ಕೂರಿಸಿ; ಕರಿ ಕೀಗಳ ಎಣಿಕೆಯೂ ಹೀಗೇ. ಅದಕ್ಕಿಂತ ಮೇಲೆ ಬೇಡ. ಹಾಡು ತಾರ ಷಡ್ಜಕ್ಕೇ (ಮೇಲಿನ ಸಪ್ತಕದ ಸ) ನಿಲ್ಲುವುದಾದರೆ ಸ ಬಿಳಿ 2. ತಾರ ಶುದ್ಧ ಗಾಂಧಾರದವರೆಗೆ ಏರಿದರೆ ಸ ಕರಿ 5ಕ್ಕೆ ಇಳಿಯಬೇಕು. ಪಂಚಮ ದಾಟದ ಸಣ್ಣ ಭಜನೆ ಪದಕ್ಕೆ ಬಿಳಿ 5 ಸಾಕು. (ಹಿಂದೂಸ್ತಾನಿ ಲೆಕ್ಕದ ಶುದ್ಧ ಸ್ವರ, ಕರ್ನಾಟಕ ಪದ್ಧತಿಯವರಿಗೆ ಮೇಲೆ ಹೇಳಿದ ಶುದ್ಧ ಗಾಂಧಾರವೇ ಅಂತರ ಗಾಂಧಾರ.) ಮುಂಜಾನೆ ಆರಕ್ಕೆ ಸೇರುವ ಗುಂಪಾದರೆ ಇನ್ನೂ ಒಂದು ಕೀ ಇಳಿಸಿ, ಗಂಟಲು ಆಗಿನ್ನೂ ಬಿಟ್ಟಿರುವುದಿಲ್ಲ.

ಸ್ಕೇಲ್ ಚೇಂಜರಿನ ಆಸೆ ಹುಟ್ಟುವುದೂ ಇಲ್ಲೇ. ಬಿಳಿ 1ನ್ನು ಸ ಮಾಡಿಕೊಂಡು ನುಡಿಸುವುದಷ್ಟೇ ಬಂದರೂ ಕೀ ಪಟ್ಟಿಯನ್ನೇ ಸರಿಸಿ ಬೇಕಾದ ಶ್ರುತಿ ಪಡೆಯಬಹುದು. ಅನುಕೂಲ ನಿಜ. ಆದರೆ ಅದಕ್ಕೆ ತೆರಬೇಕಾದ್ದೂ ಇದೆ: ಭಾರ ಹೆಚ್ಚು, ಬಿಡಿಭಾಗ ಹೆಚ್ಚು. ಕೀ ಒತ್ತಿದ್ದಾಗಲೇ ಪಟ್ಟಿ ಸರಿಸಿದರೆ ಒಳಗಿನ ಕಡ್ಡಿ ಬಾಗುತ್ತದೆ. ಪಟ್ಟಿ ಕೂದಲೆಳೆ ತಪ್ಪಿ ಕೂತರೂ ಒಂದೆರಡು ಕೀ ಮೂಕಾಗುತ್ತವೆ, ಇಲ್ಲವೇ ಪಕ್ಕದ ಸ್ವರವನ್ನೂ ಎಬ್ಬಿಸುತ್ತವೆ. ಸ್ಕೂಟರ್ ಕಾಲ ಬಳಿ ಇಟ್ಟು ಊರಿನ ಗಾಜಿನ ಮನೆ ಪಾರ್ಕಿನವರೆಗೆ ಒಯ್ಯುವ ವಸ್ತುವಿಗೆ ಇಷ್ಟು ನಾಜೂಕು ಒಳ್ಳೆಯದಲ್ಲ. ಅದರ ಬದಲು ಬಿಳಿ 2, ಬಿಳಿ 5, ಕರಿ 5 ಮೂರರಿಂದಲೂ ಅಲಂಕಾರ (ಸ್ವರಾಭ್ಯಾಸದ ಪಾಠ) ಸಾಧಿಸಿದರೆ ಓಣಿಯ ಬಹುಪಾಲು ಹಾಡಿಗೆ ಆಯಿತು.

ಕೊಳ್ಳುವಾಗ ಅಂಗಡಿಯಲ್ಲೇ ಹತ್ತು ನಿಮಿಷ ಕೂತು ನೋಡಿ. ಎಲ್ಲ ಸ್ಟಾಪರ್ (ರೀಡಿಗೆ ಗಾಳಿ ಬಿಡುವ ಗುಬಟುಗಳು) ಮುಚ್ಚಿ ತಿದಿ ತುಂಬಿ ಕೈ ಬಿಡಿ. ಒಳತಿದಿ ಬೇಗ ಕುಸಿದರೆ ಗಾಳಿ ಸೋರುತ್ತಿದೆ, ಬೇಡ. ಸ್ಟಾಪರ್ ತೆರೆದು ಕೀ ಮುಟ್ಟದೆ ತಿದಿ ಒತ್ತಿ. ತಾನಾಗಿ ಕೂಗುವ ಸ್ವರವಿದ್ದರೆ ಅದರ ಮುಚ್ಚಳ ಕೂತಿಲ್ಲ. ಆಮೇಲೆ ಮೆಲ್ಲಗೆ ಒತ್ತಿ ಒಂದೊಂದೇ ಕೀ ಕೇಳಿ. ಜೋರಾಗಿ ಒತ್ತಿದರೆ ಮಾತ್ರ ಮಾತಾಡುವ ರೀಡು ಹಾಡಿನ ಮಧ್ಯೆ ಕೈ ಕೊಡುತ್ತದೆ. ಕೊನೆಗೆ ಫೋನಿನ ಟ್ಯೂನರಿನಲ್ಲಿ ಬಿಳಿ 6ನ್ನು 440 ಹರ್ಟ್ಸ್‌ಗೆ ತಾಳೆ ನೋಡಿ, ಕೊಳಲಿನವರು ಜೊತೆಗೆ ಬಂದರೆ ಮುಜುಗರವಾಗದು.

ಪೇಟಿಗಿರುವ ನಿಜವಾದ ದೋಷ ಒಂದೇ: ಪೆಟ್ಟು ಇಲ್ಲ. ಸ್ವರ ಉಬ್ಬಿಕೊಂಡು ಬರುತ್ತದೆ, ಗುಂಪು ಅದಕ್ಕೇ ಒರಗಿ ಲಯ ಎಳೆಯುತ್ತದೆ. ಕೀಯನ್ನು ಒತ್ತಿ ಹಿಡಿಯದೆ ಅಕ್ಷರಕ್ಕೊಂದರಂತೆ ಬಿಡಿಬಿಡಿಯಾಗಿ ನುಡಿಸಿ. ದಮ್ಮಡಿ ಅಥವಾ ತಾಳ ಹಿಡಿದವರನ್ನು ಪಕ್ಕದಲ್ಲಲ್ಲ, ಕಣ್ಣಿಗೆ ಕಣ್ಣು ಸಿಗುವಂತೆ ಎದುರಿಗೆ ಕೂರಿಸಿ. ಹಾಡಿಗೆ ಮುಂಚೆ ಸ–ಪ ಒಂದೆರಡು ಆವರ್ತ ಹಿಡಿದು ಪಲ್ಲವಿಯನ್ನೊಮ್ಮೆ ಬರೀ ಪೇಟಿಯಲ್ಲಿ ಕೇಳಿಸಿ. ಚರಣದ ಕೊನೆಯ ತಾಳಕ್ಕೆ ಮುಂದಿನ ಸಾಲಿನ ಮೊದಲೆರಡು ಪದ ಹೇಳಿಬಿಟ್ಟರೆ ಹಾಡಿನ ಚೀಟಿ ಹಂಚುವ ಕೆಲಸವೇ ತಪ್ಪಿತು.

ಮೈಕ್ ಬೇಕಾದರೆ ಕೀಗಳ ಮೇಲೆ ಗೇಣೆತ್ತರಕ್ಕೆ. ತಿದಿ ಕಡೆ ಇಟ್ಟರೆ ಉಸ್ಸೆಂಬ ಉಸಿರೇ ಕೇಳುವುದು. ಫೋನಿನ ತಂಬೂರಿ ಆ್ಯಪ್ ಶ್ರುತಿ ಕೊಡುತ್ತದೆ, ಧಾಟಿ ಕೊಡುವುದಿಲ್ಲ, ಹಾಡು ಗೊತ್ತಿದ್ದವರಿಗಷ್ಟೇ. ಟ್ರಾನ್ಸ್‌ಪೋಸ್ ಇರುವ ಎಲೆಕ್ಟ್ರಾನಿಕ್ ಕೀಬೋರ್ಡ್ ಹಗುರ, ಶ್ರುತಿ ಬದಲಿಸಲು ಗುಂಡಿ ಒತ್ತಿದರಾಯಿತು, ಆದರೆ ಕರೆಂಟು ಹೋದರೆ ಸೆಲ್ ಹುಡುಕಬೇಕು.

ದಾವಣಗೆರೆಯ ಬೇಸಿಗೆಯಲ್ಲಿ ಮರ ಒಣಗಿ ಸಂದು ಬಿಡುತ್ತದೆ, ಮಳೆಗಾಲದಲ್ಲಿ ಉಬ್ಬಿ ಕೀ ಅಂಟುತ್ತದೆ. ಗೋಡೆಗೆ ತಾಗಿಸದೆ, ಬಿಸಿಲು ಬೀಳದ ಕಡೆ, ಬಟ್ಟೆ ಹೊದಿಸಿ ಇಡಿ. ರೀಡು ಬೊಂಯ್ ಎಂದರೆ ಹೆಚ್ಚಾಗಿ ನಾಲಗೆ ಸಂದಿಯಲ್ಲಿ ದೂಳು. ಮೆತ್ತನೆ ಬ್ರಶ್ ಸಾಕು. ಶ್ರುತಿ ತಪ್ಪಿದ ರೀಡನ್ನು ಮಾತ್ರ ಮನೆಯಲ್ಲಿ ಕೆರೆಯಬೇಡಿ. ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ, ಹೋದ ಹಿತ್ತಾಳೆ ಮರಳಿ ಬರುವುದಿಲ್ಲ. ಮತ್ತೆ, ನಮ್ಮೂರಲ್ಲಿ ಹಾಡು ಮುಗಿಯುವ ಮುಂಚೆಯೇ ಮಂಡಕ್ಕಿ ಮೆಣಸಿನಕಾಯಿ ತಟ್ಟೆ ಬರುತ್ತದಲ್ಲ, ಅದು ಪೇಟಿಯ ಮೇಲಂತೂ ಕೂರಕೂಡದು. ಕೀ ಸಂದಿಗೆ ಬಿದ್ದ ಒಂದು ಮಂಡಕ್ಕಿ ಕಾಳು ತೆಗೆಯಲು ಕೀ ಪಟ್ಟಿಯನ್ನೇ ಬಿಚ್ಚಬೇಕಾಗುತ್ತದೆ.